ದಫ್ಫು, ಒಪ್ಪನ ಮತ್ತು ಅಂಕಪಟ್ಟಿ: ಶಾಲಾ ಕಲೋತ್ಸವದ ಚರಿತ್ರೆಯೊಳಗೊಂದು ನೋಟ

1957ರ ಜನವರಿ ಕೊನೆಯ ವಾರ. ಕೇರಳವೆಂಬ ರಾಜ್ಯ ಹುಟ್ಟಿ ಮೂರು ತಿಂಗಳೂ ತುಂಬಿರಲಿಲ್ಲ. ಚುನಾಯಿತ ಸರ್ಕಾರ ಇನ್ನೂ ಬಂದಿರಲಿಲ್ಲ, ರಾಷ್ಟ್ರಪತಿ ಆಡಳಿತ ನಡೆಯುತ್ತಿತ್ತು. ತಿರುವಾಂಕೂರು, ಕೊಚ್ಚಿ, ಮಲಬಾರು ಎಂದು ಮೂರು ಆಳ್ವಿಕೆಗಳಲ್ಲಿ ಹಂಚಿಹೋಗಿದ್ದ ಜನ ಒಂದೇ ರಾಜ್ಯದವರೆಂದು ಕಾಗದದ ಮೇಲೆ ಮಾತ್ರ ಒಪ್ಪಿಕೊಂಡಿದ್ದ ದಿನಗಳವು. ಆ ವಾರ ಎರ್ನಾಕುಳಂನ ಎಸ್.ಆರ್.ವಿ. ಬಾಲಕಿಯರ ಹೈಸ್ಕೂಲಿನಲ್ಲಿ ರಾಜ್ಯದ ಬೇರೆ ಬೇರೆ ಕಡೆಯ ಕೆಲವು ನೂರು ವಿದ್ಯಾರ್ಥಿಗಳು ಸೇರಿದರು. ಹಾಡಿದರು, ಕುಣಿದರು, ಚಿತ್ರ ಬರೆದರು, ಭಾಷಣ ಮಾಡಿದರು. ಇದನ್ನು ಏರ್ಪಡಿಸಿದವರು ಆಗಿನ ಸಾರ್ವಜನಿಕ ಶಿಕ್ಷಣ ಇಲಾಖೆಯ ನಿರ್ದೇಶಕ ಡಾ. ಸಿ.ಎಸ್. ವೆಂಕಟೇಶ್ವರನ್. ಇಂದು ಏಷ್ಯಾದ ಅತಿ ದೊಡ್ಡ ವಿದ್ಯಾರ್ಥಿ ಕಲಾಮೇಳವೆಂದು ಕೇರಳೀಯರು ಹೆಮ್ಮೆಪಡುವ ಶಾಲಾ ಕಲೋತ್ಸವದ ಮೂಲ ಇದು.

ವೆಂಕಟೇಶ್ವರನ್ ಅವರಿಗೆ ಈ ಯೋಚನೆ ಹೊಳೆದದ್ದು ದೆಹಲಿಯ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದಿಂದ ಎಂದು ಕಲೋತ್ಸವದ ಚರಿತ್ರೆ ಹೇಳುವವರೆಲ್ಲ ಬರೆಯುತ್ತಾರೆ. ಆ ಉತ್ಸವ ಮೊದಲ ಬಾರಿ ನಡೆದದ್ದು 1954ರಲ್ಲಿ, ತಾಲ್ಕಟೋರಾ ಉದ್ಯಾನದಲ್ಲಿ. ಏರ್ಪಡಿಸಿದ್ದು ಕೇಂದ್ರ ಶಿಕ್ಷಣ ಸಚಿವಾಲಯ. ಸಚಿವರು ಮೌಲಾನಾ ಅಬುಲ್ ಕಲಾಂ ಆಝಾದ್. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಆಝಾದರನ್ನು ನಾವು ಕುರ್‌ಆನ್ ವ್ಯಾಖ್ಯಾನಕಾರರಾಗಿ, ಸ್ವಾತಂತ್ರ್ಯ ಹೋರಾಟಗಾರರಾಗಿ, ಕಾಂಗ್ರೆಸ್ ಅಧ್ಯಕ್ಷರಾಗಿ ನೆನೆಯುತ್ತೇವೆ. ಅವರ ಜನ್ಮದಿನವನ್ನು ಶಿಕ್ಷಣ ದಿನವೆಂದು ಆಚರಿಸುತ್ತೇವೆ. ಆದರೆ ಸಂಗೀತ ನಾಟಕ ಅಕಾಡೆಮಿ, ಸಾಹಿತ್ಯ ಅಕಾಡೆಮಿ, ಲಲಿತಕಲಾ ಅಕಾಡೆಮಿ ಮೂರೂ 1953 ಮತ್ತು 1954ರಲ್ಲಿ ಅವರ ಸಚಿವಾಲಯದ ಆಶ್ರಯದಲ್ಲೇ ಕಣ್ಣುಬಿಟ್ಟವು ಎಂಬುದನ್ನು ನಮ್ಮ ಸಭೆಗಳಲ್ಲಿ ಹೇಳುವವರು ಕಡಿಮೆ. ಪೀರ್ ಮನೆತನದಲ್ಲಿ ಹುಟ್ಟಿದ ಅವರು ಯೌವನದಲ್ಲಿ ಸಿತಾರ್ ಕಲಿತವರು. ಬೆಳದಿಂಗಳ ರಾತ್ರಿಗಳಲ್ಲಿ ತಾಜಮಹಲಿನ ಬಳಿ ಕುಳಿತು ಸಿತಾರ್ ನುಡಿಸಿದ್ದನ್ನು ಅಹ್ಮದ್‌ನಗರ ಕೋಟೆಯ ಸೆರೆಯಲ್ಲಿದ್ದಾಗ ‘ಗುಬಾರೆ ಖಾತಿರ್’ನ ಪತ್ರವೊಂದರಲ್ಲಿ ತಾವೇ ನೆನಪಿಸಿಕೊಂಡಿದ್ದಾರೆ. ಬುದ್ಧಿಗೆ ಪಾಠ ಬೇಕಾದಂತೆ ಭಾವನೆಗೂ ಪಾಠ ಬೇಕು, ಅದನ್ನು ಕೊಡುವುದು ಕಲೆ ಎಂಬುದು ಶಿಕ್ಷಣ ಸಚಿವರಾಗಿ ಅವರು ಹಿಡಿದ ನಿಲುವು. ಎರ್ನಾಕುಳಂನ ಆ ಶಾಲೆಯ ಅಂಗಳಕ್ಕೆ ಬೀಜ ಬಂದದ್ದು ಈ ಮನಸ್ಸಿನಿಂದ.

ಮರುವರ್ಷದ, ಅಂದರೆ 1958ರ ಉತ್ಸವದ ಒಂದು ಕಪ್ಪುಬಿಳುಪು ಚಿತ್ರ ಕೇರಳದಲ್ಲಿ ಬಹಳ ಪ್ರಸಿದ್ಧ. ಒಬ್ಬ ಹುಡುಗ ಹಾಡುತ್ತಿದ್ದಾನೆ, ಇನ್ನೊಬ್ಬ ಮೃದಂಗ ನುಡಿಸುತ್ತಿದ್ದಾನೆ. ಹಾಡುತ್ತಿರುವವನು ಶಾಸ್ತ್ರೀಯ ಸಂಗೀತದಲ್ಲಿ ಮೊದಲ ಬಹುಮಾನ ಪಡೆದ ಕೆ.ಜೆ. ಯೇಸುದಾಸ್. ಮೃದಂಗದವನು ಆ ವಿಭಾಗದಲ್ಲಿ ಮೊದಲು ಬಂದ ಪಿ. ಜಯಚಂದ್ರನ್. ಮುಂದೆ ಇಬ್ಬರೂ ದಕ್ಷಿಣ ಭಾರತದ ಚಿತ್ರಸಂಗೀತವನ್ನು ಆಳಿದರು. ಕನ್ನಡಿಗರಾದ ನಾವೂ ಇಬ್ಬರ ಹಾಡುಗಳನ್ನೂ ಕೇಳಿ ಬೆಳೆದವರು. ಜಯಚಂದ್ರನ್ 2025ರ ಜನವರಿಯಲ್ಲಿ ತೀರಿಕೊಂಡಾಗ ಪತ್ರಿಕೆಗಳೆಲ್ಲ ಈ ಚಿತ್ರವನ್ನು ಮತ್ತೆ ಮುದ್ರಿಸಿದವು.

ಮೊದಲ ಎರಡು ದಶಕ ಮೇಳ ಹೆಚ್ಚು ಸದ್ದಿಲ್ಲದೆ ನಡೆಯಿತು. 1975ರಲ್ಲಿ ಕೋಯಿಕ್ಕೋಡ್‌ನಲ್ಲಿ ನಡೆದಾಗ ಬೀದಿ ಮೆರವಣಿಗೆ ಸೇರಿತು, ಮೋಹಿನಿಯಾಟ್ಟಂ, ಕಥಕಳಿ ಸಂಗೀತ ಮುಂತಾದವು ಸ್ಪರ್ಧೆಯ ಪಟ್ಟಿಗೆ ಬಂದವು. ನಿಜವಾದ ಅಬ್ಬರ ಶುರುವಾದದ್ದು ಎಂಬತ್ತರ ದಶಕದಲ್ಲಿ. ಫುಟ್‌ಬಾಲಿನಂತೆ ಇದಕ್ಕೂ ಒಂದು ಚಿನ್ನದ ಕಪ್ ಬೇಕೆಂದು ಸೂಚಿಸಿದವರು ಕವಿ ವೈಲೋಪ್ಪಿಳ್ಳಿ ಶ್ರೀಧರ ಮೇನೋನ್. 117.5 ಪವನಿನ ಆ ಕಪ್ಪನ್ನು 1987ರಲ್ಲಿ ಮೊದಲು ಎತ್ತಿದ್ದು ತಿರುವನಂತಪುರ ಜಿಲ್ಲೆ. ಅದಕ್ಕೆ ಒಂದು ವರ್ಷ ಮೊದಲು, 1986ರಲ್ಲಿ, ಅತಿ ಹೆಚ್ಚು ಅಂಕ ಗಳಿಸಿದ ಹುಡುಗನಿಗೆ ‘ಕಲಾಪ್ರತಿಭಾ’, ಹುಡುಗಿಗೆ ‘ಕಲಾತಿಲಕಂ’ ಎಂಬ ಬಿರುದುಗಳು ಆರಂಭವಾಗಿದ್ದವು. ಮೊದಲ ಕಲಾಪ್ರತಿಭಾ ಆಗಿದ್ದ ವಿನೀತ್ ಸಿನಿಮಾ ನಟರಾದರು. ಎರಡು ಬಾರಿ ತಿಲಕ ಧರಿಸಿದ ಮಂಜು ವಾರಿಯರ್ ಮಲಯಾಳದ ದೊಡ್ಡ ನಟಿಯಾದರು.

ಕವಿಯ ಆಸೆ ಒಳ್ಳೆಯದೇ ಇತ್ತು. ಆದರೆ ಚಿನ್ನ ಬಂದ ಕಡೆ ತಕ್ಕಡಿ ಬರುವುದು ಲೋಕದ ನಿಯಮ. ಕಲಾತಿಲಕಂ ಸಿನಿಮಾದ ಹೊಸ್ತಿಲೆಂದು ತಂದೆತಾಯಿಗಳಿಗೆ ಅನಿಸಿದ ದಿನದಿಂದ ಮೇಳದ ಬಣ್ಣ ಬದಲಾಯಿತು. ಒಂದೇ ಮಗು ನಾಲ್ಕೈದು ನೃತ್ಯಗಳಲ್ಲಿ ಸ್ಪರ್ಧಿಸುವುದು, ಅದಕ್ಕೊಬ್ಬ ಪ್ರತ್ಯೇಕ ಗುರು, ಬಾಡಿಗೆ ಆಭರಣ, ಹಾಡುವವರು, ನುಡಿಸುವವರು, ಬಣ್ಣ ಹಚ್ಚುವವರು. ಹಣವಿಲ್ಲದ ಮನೆಯ ಮಗು ಪದ್ಯ ಪಠಣಕ್ಕೋ ಭಾಷಣಕ್ಕೋ ಸರಿಯಿತು. ತೀರ್ಪುಗಾರರ ವಿರುದ್ಧ ಮೇಲ್ಮನವಿ, ಮೇಲ್ಮನವಿಯ ಮೇಲೆ ಕೋರ್ಟು. 2005ರವರೆಗೆ ಹೀಗೆ ಎಳೆದಾಡಿದ ಬಿರುದುಗಳನ್ನು 2006ರಲ್ಲಿ ಕೈಬಿಟ್ಟು ಗ್ರೇಡ್ ಪದ್ಧತಿ ತಂದರು. ರೋಗ ಅಷ್ಟಕ್ಕೆ ವಾಸಿಯಾಗಲಿಲ್ಲ. ಎ ಗ್ರೇಡ್ ಸಿಕ್ಕರೆ ಪರೀಕ್ಷೆಯಲ್ಲಿ ಕೃಪಾಂಕ ಸಿಗುತ್ತದೆ. ಕೃಪಾಂಕದಿಂದ ಮುಂದಿನ ಪ್ರವೇಶ ಸುಲಭವಾಗುತ್ತದೆ. 2018ರ ಜನವರಿಯಲ್ಲಿ ತ್ರಿಶೂರಿನಲ್ಲಿ ಮಕ್ಕಳ ಹಕ್ಕುಗಳ ಆಯೋಗದ ಹೆಸರಿನ ನಕಲಿ ಆದೇಶಗಳನ್ನೇ ತಂದು ಮಕ್ಕಳನ್ನು ವೇದಿಕೆಗೇರಿಸಲು ನೋಡಿದ ಪ್ರಕರಣ ಪೊಲೀಸರವರೆಗೆ ಹೋಯಿತು. ಮಕ್ಕಳು ಸೋಲನ್ನೂ ಒಪ್ಪಿಕೊಳ್ಳುವಂತೆ ತಂದೆತಾಯಿಗಳು ನೋಡಿಕೊಳ್ಳಬೇಕೆಂದು 2022ರಲ್ಲಿ ಕೇರಳ ಹೈಕೋರ್ಟೇ ಹೇಳಬೇಕಾಯಿತು. 2025ರ ತಿರುವನಂತಪುರದ ಮೇಳದಲ್ಲಿ ತ್ರಿಶೂರು 1008, ಪಾಲಕ್ಕಾಡ್ 1007. ಒಂದೇ ಅಂಕದಿಂದ ಕಪ್ಪು ಕೈಬದಲಾಯಿತು. 249 ಸ್ಪರ್ಧೆಗಳ ಕೊನೆಯಲ್ಲಿ ಒಂದು ಅಂಕ! ಆ ಅಂಕದಲ್ಲಿ ಎಷ್ಟು ಕಲೆ, ಎಷ್ಟು ಗಣಿತ ಎಂದು ಕೇಳಬೇಕೆನಿಸುತ್ತದೆ.

ಇಷ್ಟೆಲ್ಲ ಆದ ಮೇಲೂ ಈ ಮೇಳವನ್ನು ತಳ್ಳಿಹಾಕಲು ನಮಗೆ ಮನಸ್ಸಾಗುವುದಿಲ್ಲ. ಮುಖ್ಯ ಕಾರಣ ಮಾಪಿಳ್ಳೆ ಕಲೆಗಳು.

ಕಲೋತ್ಸವದ ಪಟ್ಟಿಯಲ್ಲಿ ಇಂದು ಮಾಪ್ಪಿಳಪ್ಪಾಟ್ಟು, ಒಪ್ಪನ, ವಟ್ಟಪ್ಪಾಟ್ಟು, ಕೋಲ್ಕಳಿ, ದಫ್‌ಮುಟ್ಟು, ಅರಬನಮುಟ್ಟು ಇವೆ. ಇವು ಮೂಲತಃ ವೇದಿಕೆಯ ಕಲೆಗಳಲ್ಲ. ಒಪ್ಪನ ಮದುವೆಮನೆಯ ಒಳಕೋಣೆಯದು. ಮೈಲಾಂಜಿ ಹಚ್ಚಿ ಕೂರಿಸಿದ ಮದುಮಗಳ ಸುತ್ತ ಕೈತಟ್ಟಿ ಹಾಡುವ ಹೆಂಗಸರದು. ಮದುಮಗನ ಸುತ್ತ ಗಂಡಸರು ಹಾಡುವುದು ವಟ್ಟಪ್ಪಾಟ್ಟು. ದಫ್ಫು ರಾತೀಬು, ನೇರ್ಚೆ, ಮೀಲಾದ್ ಮೆರವಣಿಗೆಗಳದು. ಅರಬನ ಅದಕ್ಕಿಂತ ಅಗಲವಾದದ್ದು, ಚೌಕಟ್ಟಿನಲ್ಲಿ ಗೆಜ್ಜೆಬಿಲ್ಲೆಗಳಿರುವುದು. ಕೋಲ್ಕಳಿಯ ಹೆಜ್ಜೆಗಳಲ್ಲಿ ಕಳರಿಯ ಛಾಯೆ ಇದೆ. ಬ್ಯಾರಿಗಳಾದ ನಮಗೆ ಇವು ಹೊರಗಿನವಲ್ಲ. ಮಂಗಳೂರು, ಉಳ್ಳಾಲ, ಬಂಟ್ವಾಳ, ಪುತ್ತೂರಿನ ಕಡೆಯ ಮನೆಗಳಲ್ಲಿ ಮದರಂಗಿಯ ರಾತ್ರಿ ಹಾಡುತ್ತಿದ್ದ ಅಜ್ಜಿಯರು, ದಫ್ಫಿನ ತಂಡ ಕಟ್ಟಿದ ಮೊಹಲ್ಲಾದ ಹುಡುಗರು ಇದೇ ಬಳ್ಳಿಯ ಹೂಗಳು. ಧ್ವನಿವರ್ಧಕ ಮತ್ತು ಕ್ಯಾಸೆಟ್ ಬಂದ ಮೇಲೆ ಅಜ್ಜಿಯರು ಸುಮ್ಮನಾದರು. ಕ್ಯಾಸೆಟ್ಟಿನ ನಂತರ ಬಂದದ್ದನ್ನು ಹೇಳುವುದೇ ಬೇಡ.

ಮದುವೆಮನೆ ಬಿಟ್ಟುಕೊಟ್ಟದ್ದನ್ನು ಶಾಲೆ ಎತ್ತಿಕೊಂಡಿತು ಎಂಬುದು ಮಲಬಾರಿನ ವಿಶೇಷ. ಹಳೆಯ ಉಸ್ತಾದರನ್ನು ಹುಡುಕಿಕೊಂಡು ಶಾಲೆಗಳು ಹೋದವು. ಸ್ಪರ್ಧೆಯೆಂದ ಮೇಲೆ ತೀರ್ಪುಗಾರರು ಬೇಕು. ತೀರ್ಪುಗಾರರಿಗೆ ನಿಯಮ ಬೇಕು. ನಿಯಮಕ್ಕೆ ವಿದ್ವತ್ತು ಬೇಕು. ಹೀಗಾಗಿ ಮಾಪ್ಪಿಳಪ್ಪಾಟ್ಟಿನ ಛಂದಸ್ಸು ಮತ್ತೆ ಚರ್ಚೆಗೆ ಬಂತು. ಸಾಲಿನ ಆರಂಭ, ನಡು, ಕೊನೆಗಳಲ್ಲಿ ಬರುವ ಪ್ರಾಸಗಳಾದ ಕಂಬಿ, ಕಳುತ್ತು, ವಾಲ್‌ಕಂಬಿ, ವಾಲುಮ್ಮಲ್‌ಕಂಬಿ ಎಂಬ ಹೆಸರುಗಳನ್ನು ಇಂದು ಹೈಸ್ಕೂಲಿನ ಹುಡುಗಿಯರು ಹೇಳುತ್ತಾರೆ. ಅರಬಿ ಮಲಯಾಳಂ ಲಿಪಿಯಲ್ಲಿ ಉಳಿದಿದ್ದ ಹಾಡುಗಳನ್ನು ಓದುವ ಅಗತ್ಯ ಬಂತು. ಅವುಗಳಲ್ಲಿ 1607ರ ಮುಹ್ಯಿದ್ದೀನ್ ಮಾಲೆ ಇದೆ. ಮೊಯಿನ್‌ಕುಟ್ಟಿ ವೈದ್ಯರು ಇಪ್ಪತ್ತರ ವಯಸ್ಸಿನಲ್ಲಿ, 1872ರಲ್ಲಿ ಬರೆದ ಬದರುಲ್ ಮುನೀರ್ ಹುಸ್ನುಲ್ ಜಮಾಲ್ ಎಂಬ ಪ್ರೇಮಕಾವ್ಯವೂ ಇದೆ. ಕೊಂಡೋಟ್ಟಿಯಲ್ಲಿ ವೈದ್ಯರ ಹೆಸರಿನ ಮಾಪಿಳ್ಳೆ ಕಲಾ ಅಕಾಡೆಮಿ ಇದೆ. ನಮ್ಮಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದು 2007ರಲ್ಲಿ. ಆದರೆ ಶಾಲೆ ಎಂಬ ಆಸರೆ ನಮ್ಮ ಬ್ಯಾರಿ ಹಾಡಿಗೆ ಇಂದಿಗೂ ಆ ಪ್ರಮಾಣದಲ್ಲಿ ಸಿಕ್ಕಿಲ್ಲ.

ನಷ್ಟವೂ ಆಗಿದೆ. ರಾತ್ರಿಯಿಡೀ ಹರಡಿಕೊಳ್ಳುತ್ತಿದ್ದ ಒಪ್ಪನ ಹತ್ತು ನಿಮಿಷಕ್ಕೆ ಕುಗ್ಗಿತು. ಮದುಮಗಳು ನೆಲದ ಚಾಪೆಯಿಂದ ಎದ್ದು ಮಿನುಗುವ ಪೀಠಕ್ಕೇರಿದಳು. ಹತ್ತೂ ಮಕ್ಕಳ ಕೈ ಒಂದೇ ಕೋನದಲ್ಲಿ ಏಳಬೇಕೆಂಬ ಶಿಸ್ತು ಕವಾಯತಿನಿಂದ ಬಂದಂತಿದೆ. ಹಿರಿಯರು ಗೊಣಗುವುದರಲ್ಲಿ ಸತ್ಯವಿದೆ. ಆದರೆ ಇನ್ನೊಂದು ಸಂಗತಿಯೂ ಆಯಿತು. ಒಪ್ಪನದ ತಂಡದಲ್ಲಿ ಇಂದು ಹಿಂದೂ, ಕ್ರೈಸ್ತ ಹುಡುಗಿಯರು ಇರುತ್ತಾರೆ, ಕೆಲವೊಮ್ಮೆ ಅವರೇ ಹೆಚ್ಚಿರುತ್ತಾರೆ. ಖದೀಜಾ ಬೀವಿಯ ಮದುವೆಯನ್ನು ವರ್ಣಿಸುವ ಹಾಡನ್ನು ಅವರು ಅರ್ಥ ಕೇಳಿ ಕಲಿಯುತ್ತಾರೆ. ನೆರೆಮನೆಯವರ ಮದುವೆಗೆ ಹೋಗುವುದೇ ಕಡಿಮೆಯಾದ ಈ ಕಾಲದಲ್ಲಿ ಇದನ್ನು ನಾವು ಸಣ್ಣ ಮಾತೆಂದು ಭಾವಿಸುವುದಿಲ್ಲ. ಅರಬಿ ಸಾಹಿತ್ಯೋತ್ಸವ ಮತ್ತು ಸಂಸ್ಕೃತೋತ್ಸವ ಎರಡೂ ಇದೇ ಮೇಳದ ಅಂಗಗಳು. 2025ರ ಲೆಕ್ಕದಲ್ಲಿ ಎರಡಕ್ಕೂ ಹತ್ತೊಂಬತ್ತು ಹತ್ತೊಂಬತ್ತು ಸ್ಪರ್ಧೆಗಳು. ಉರ್ದು ಗಝಲ್ ಕೂಡ ಇದೆ.

ನಮ್ಮೊಳಗಿನ ಪ್ರಶ್ನೆಯನ್ನು ಮರೆಮಾಚಬೇಕಾಗಿಲ್ಲ. ಹಾಡು ಮತ್ತು ವಾದ್ಯದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಹಳೆಯದು. ಇಮಾಮ್ ಗಝ್ಝಾಲಿ ತಮ್ಮ ‘ಇಹ್ಯಾ’ದಲ್ಲಿ ಸಮಾಅ್‌ಗೆ ಒಂದು ಭಾಗವನ್ನೇ ಮೀಸಲಿಟ್ಟು ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ವಿವೇಚಿಸಿದ್ದಾರೆ. ಈದ್ ದಿನ ಪ್ರವಾದಿಯವರ (ಸ) ಮನೆಯಲ್ಲಿ ಇಬ್ಬರು ಬಾಲೆಯರು ದಫ್ಫು ಬಾರಿಸಿ ಹಾಡುತ್ತಿದ್ದಾಗ ಅಬೂಬಕರ್ (ರ) ಗದರಿದರು, ಪ್ರವಾದಿಯವರು ಅವರನ್ನು ಬಿಟ್ಟುಬಿಡಿ ಎಂದರು ಎಂಬ ಹದೀಸ್ ನಮ್ಮ ಮದರಸದ ಮಕ್ಕಳಿಗೂ ಗೊತ್ತು. ಭಿನ್ನಮತ ಇರಲಿ. ಅದು ಹುಡುಗಿಯರ ಮೇಲೆ ಮಾತ್ರ ಏಕೆ ಬೀಳುತ್ತದೆ ಎಂಬುದು ನಮ್ಮ ಪ್ರಶ್ನೆ. ಮೀಲಾದ್ ವೇದಿಕೆಯಲ್ಲಿ, ಎಸ್ಸೆಸ್ಸೆಫ್‌ನ ಸಾಹಿತ್ಯೋತ್ಸವದಲ್ಲಿ, ಎಸ್ಕೆಎಸ್ಸೆಸ್ಸೆಫ್‌ನ ಸರ್ಗಲಯದಲ್ಲಿ ಹುಡುಗರು ಹಾಡಿ, ಭಾಷಣ ಮಾಡಿ, ಕವನ ಬರೆದು ಬೆಳೆಯುವುದನ್ನು ನಾವು ಸಂತೋಷದಿಂದ ನೋಡುತ್ತೇವೆ. ಅದೇ ಮನೆಯ ಹುಡುಗಿಯ ಪ್ರತಿಭೆಗೆ ಶಾಲೆಯೊಂದೇ ಬಾಗಿಲು.

ಆ ಬಾಗಿಲಿನಿಂದ ಹೊರಟವರಿಗೆ ಮುಂದೆ ಏನು ಕಾದಿರುತ್ತದೆ ಎಂಬುದಕ್ಕೆ ಮಲಪ್ಪುರದ ವಿ.ಪಿ. ಮಾನ್ಸಿಯಾ ಅವರ ಬದುಕು ಸಾಕ್ಷಿ. ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ ಭರತನಾಟ್ಯ ಕಲಿತರು, ಕಲೋತ್ಸವಗಳಲ್ಲಿ ಗೆದ್ದರು, ಅದೇ ಕಾರಣಕ್ಕೆ ಕುಟುಂಬ ಊರಿನ ಬಹಿಷ್ಕಾರ ಉಂಡಿತು. ಅದೇ ಮಾನ್ಸಿಯಾ 2022ರಲ್ಲಿ ಇರಿಂಞಾಲಕ್ಕುಡದ ಕೂಡಲ್‌ಮಾಣಿಕ್ಯಂ ದೇವಸ್ಥಾನದ ಉತ್ಸವದಲ್ಲಿ ನರ್ತಿಸಲು ಹೊರಟಾಗ, ಹಿಂದೂ ಅಲ್ಲವೆಂದು ಅವರ ಹೆಸರನ್ನು ತೆಗೆದುಹಾಕಲಾಯಿತು. ಇಲ್ಲಿಯೂ ಬೇಡ, ಅಲ್ಲಿಯೂ ಬೇಡ.

ಅವರಿಗಿಂತ ಬಹಳ ಮೊದಲೇ ಈ ನೋವನ್ನು ಉಂಡವರು ಕಲಾಮಂಡಲಂ ಹೈದರಾಲಿ. ಕಲೋತ್ಸವ ಶುರುವಾದ ಅದೇ 1957ರಲ್ಲಿ, ಹನ್ನೊಂದರ ಬಾಲಕನಾಗಿ ಅವರು ಕೇರಳ ಕಲಾಮಂಡಲವನ್ನು ಸೇರಿದರು. ಅಲ್ಲಿ ಕಥಕಳಿ ಸಂಗೀತ ಕಲಿತ ಮೊದಲ ಮುಸ್ಲಿಂ. ನೀಲಕಂಠನ್ ನಂಬೀಶನ್ ಅವರಂಥ ಗುರುಗಳ ಬಳಿ ಕಲಿತು ತಮ್ಮ ಕಾಲದ ಅತಿ ಇಂಪಾದ ಕಂಠಗಳಲ್ಲಿ ಒಬ್ಬರಾದರು. ಕಥಕಳಿ ಹೆಚ್ಚಾಗಿ ನಡೆಯುವುದು ದೇವಸ್ಥಾನಗಳಲ್ಲಿ. ಅವರಿಗೆ ಒಳಗೆ ಪ್ರವೇಶವಿಲ್ಲ. ಒಂದು ಕಡೆ ಗೋಡೆಯ ಭಾಗವನ್ನು ಒಡೆದು ವೇದಿಕೆಯನ್ನು ಹೊರಕ್ಕೆ ಚಾಚಿದರು. ನಟರು ಒಳಗೆ, ಹೈದರಾಲಿ ಹೊರಗೆ ನಿಂತು ಹಾಡಿದರು. 2006ರ ಜನವರಿಯಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಅದೇ ಕಲಾಮಂಡಲ ಹುಡುಗಿಯರಿಗೆ ಕಥಕಳಿಯ ಬಾಗಿಲು ತೆರೆದದ್ದು 2021ರಲ್ಲಿ. 2025ರಲ್ಲಿ ಅಲ್ಲಿನ ಮುಸ್ಲಿಂ ವಿದ್ಯಾರ್ಥಿನಿಯೊಬ್ಬಳು ಬಣ್ಣ ಹಚ್ಚಿ ರಂಗಪ್ರವೇಶ ಮಾಡಿದಳು.

ಶಾಲಾ ಕಲೋತ್ಸವದಲ್ಲಿ ಅಂಥ ಗೋಡೆ ಇಲ್ಲ. ಹಾಗೆಂದು ಅದು ಸಮಾಜದ ರೋಗಗಳಿಂದ ಮುಕ್ತವೆಂದೂ ಅಲ್ಲ. 2023ರ ಜನವರಿಯಲ್ಲಿ ಕೋಯಿಕ್ಕೋಡ್‌ನಲ್ಲಿ ಸ್ವಾಗತಗೀತೆಯ ರೂಪಕದಲ್ಲಿ ಭಯೋತ್ಪಾದಕನೆಂದು ತೋರಿಸಿದವನ ತಲೆಗೆ ಅರಬರ ರುಮಾಲು ಸುತ್ತಿದ್ದರು. ಟೀಕೆ ಬಂತು, ಸಚಿವರೇ ತನಿಖೆಗೆ ಆಗ್ರಹಿಸಿದರು. ಸೈನಿಕನನ್ನು ತೋರಿಸಬೇಕಾದರೆ ಹಸಿರು ಸಮವಸ್ತ್ರ, ಉಗ್ರನನ್ನು ತೋರಿಸಬೇಕಾದರೆ ಈ ರುಮಾಲು. ರೂಪಕ ಕಟ್ಟಿದವರು ಎರಡನೆಯ ಬಾರಿ ಯೋಚಿಸಿರಲಾರರು. ಒಪ್ಪನ, ದಫ್ಫುಗಳನ್ನು ಅಪ್ಪಿಕೊಂಡ ಅದೇ ನಗರದ ವೇದಿಕೆಯಲ್ಲಿ ಇದು ನಡೆಯಿತು.

ಕನ್ನಡಿಗರಿಗೆ ಈ ಮೇಳದೊಂದಿಗೆ ಇರುವ ನಂಟು ಕಾಸರಗೋಡಿನ ಮೂಲಕ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕು ಕಡಿದುಹೋಯಿತು. ಆ ಗಾಯವನ್ನು ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿದಷ್ಟು ಕಾಲ, ಅಂದರೆ 2015ರವರೆಗೆ, ಹೊತ್ತುಕೊಂಡೇ ಇದ್ದರು. ರೈಗಳು ಶಾಲಾ ಅಧ್ಯಾಪಕರಾಗಿದ್ದವರು ಎಂಬುದನ್ನು ನೆನಪಿಡಬೇಕು. ಭಾಷೆ ಉಳಿಯುವುದು ತರಗತಿಯಲ್ಲಿ ಎಂದು ಅವರು ಬಲ್ಲವರು. ಇಂದು ಕಲೋತ್ಸವದಲ್ಲಿ ಕನ್ನಡ ಪದ್ಯ ಪಠಣವಿದೆ, ಕನ್ನಡ ಭಾಷಣವಿದೆ, ಯಕ್ಷಗಾನವಿದೆ. ಪಾರ್ತಿಸುಬ್ಬನ ಕುಂಬಳೆ ಕೇರಳಕ್ಕೆ ಸೇರಿದ ಫಲವಾಗಿ ತೆಂಕಣ ಜಿಲ್ಲೆಗಳ ಮಲಯಾಳಿ ಮಕ್ಕಳೂ ಕಾಸರಗೋಡಿನ ಗುರುಗಳಿಂದ ಪಾಠ ಹೇಳಿಸಿಕೊಂಡು ಕನ್ನಡದಲ್ಲಿ ಅರ್ಥ ಹೇಳುತ್ತಾರೆ. ಅವರ ಉಚ್ಚಾರ ನಮಗೆ ನಗೆ ತರಿಸಬಹುದು, ನಗಬಾರದು. 2019ರ ನವೆಂಬರಿನಲ್ಲಿ, ನಮ್ಮ ಹಿರಿಯರು ಹೊಸದುರ್ಗವೆನ್ನುತ್ತಿದ್ದ ಕಾಞಂಗಾಡಿನಲ್ಲಿ ಅರುವತ್ತನೆಯ ಮೇಳ ನಡೆಯಿತು.

ಕರ್ನಾಟಕದಲ್ಲಿ ನಮಗೂ ಒಂದು ಮೇಳ ಇದೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಶಿಕ್ಷಣ ಇಲಾಖೆ ತಂದ ‘ಪ್ರತಿಭಾ ಕಾರಂಜಿ’ ಕ್ಲಸ್ಟರಿನಿಂದ ತಾಲೂಕು, ಜಿಲ್ಲೆ, ರಾಜ್ಯದವರೆಗೆ ಏರುತ್ತದೆ. ಕಂಠಪಾಠ, ಛದ್ಮವೇಷ, ಮಣ್ಣಿನ ಮಾದರಿ, ಭಾವಗೀತೆ, ಆಶುಭಾಷಣ, ಮಿಮಿಕ್ರಿ, ಜನಪದ ನೃತ್ಯದ ಜೊತೆಗೆ ಉರ್ದು ಕಂಠಪಾಠ, ಸಂಸ್ಕೃತ ಮತ್ತು ಅರೇಬಿಕ್ ಧಾರ್ಮಿಕ ಪಠಣ, ಗಝಲ್, ಕವ್ವಾಲಿ ಎಲ್ಲವೂ ಇವೆ. ಪಟ್ಟಿ ಮಾಡಿದವರ ಮನಸ್ಸು ದೊಡ್ಡದು. ಆದರೆ ಕವ್ವಾಲಿಯನ್ನು ಮಕ್ಕಳಿಗೆ ಕಲಿಸುವವರು ಯಾರು? ಸುತ್ತೋಲೆ ಬಂದ ಮೇಲೆ ನಾಲ್ಕು ದಿನ ಮೊಬೈಲಿನಲ್ಲಿ ಕೇಳಿ, ಟೋಪಿ ಹಾಕಿ, ಕೊರಳಿಗೆ ಕರವಸ್ತ್ರ ಕಟ್ಟಿ, ಚಪ್ಪಾಳೆ ತಟ್ಟಿದರೆ ಕವ್ವಾಲಿ ಮುಗಿಯಿತು. ಬೀದರ, ಕಲಬುರಗಿ, ವಿಜಯಪುರದ ದರ್ಗಾಗಳ ಅಂಗಳದಲ್ಲಿ ಹಾಡುವವರನ್ನು ಒಂದು ದಿನ ಶಾಲೆಗೆ ಕರೆದ ಮುಖ್ಯೋಪಾಧ್ಯಾಯರು ಎಷ್ಟು ಮಂದಿ ಇದ್ದಾರು?

ಮಲಬಾರಿಗೂ ನಮಗೂ ಇರುವ ವ್ಯತ್ಯಾಸ ಇಲ್ಲಿದೆ. ಅಲ್ಲಿ ಸ್ಪರ್ಧೆಗೆ ಮುನ್ನ ತಿಂಗಳುಗಟ್ಟಲೆ ಕಲಿಕೆ ನಡೆಯುತ್ತದೆ, ಅದಕ್ಕೆ ಕಾರಣ ಕೃಪಾಂಕದ ಆಸೆಯೇ ಆಗಿದ್ದರೂ ಸರಿ. ನಮ್ಮಲ್ಲಿ ಸ್ಪರ್ಧೆ ಒಂದು ದಿನದ್ದು. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಕಲಾಶಿಕ್ಷಣದ ತಂಡ ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿಸಬೇಕೆಂದು ಸ್ಪಷ್ಟವಾಗಿ ಹೇಳಿತ್ತು. ಅದಾಗಿ ಎರಡು ದಶಕ ಕಳೆದಿದೆ. ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಚಿತ್ರಕಲಾ ಶಿಕ್ಷಕರು, ಸಂಗೀತ ಶಿಕ್ಷಕರು ನಿವೃತ್ತರಾದ ಮೇಲೆ ಆ ಜಾಗ ತುಂಬದೆ ಉಳಿದ ಉದಾಹರಣೆಗಳು ಬೇಕಾದಷ್ಟಿವೆ. ಚಿತ್ರಕಲೆಯ ಅವಧಿಯನ್ನು ಗಣಿತದ ಮೇಷ್ಟ್ರು ಎರವಲು ಪಡೆಯುತ್ತಾರೆ, ಹಿಂದಿರುಗಿಸುವುದಿಲ್ಲ. ನಮ್ಮ ಸಮುದಾಯ ನಡೆಸುವ ಆಂಗ್ಲ ಮಾಧ್ಯಮ ಶಾಲೆಗಳೂ ಇದಕ್ಕೆ ಹೊರತಲ್ಲ. ಕಂಪ್ಯೂಟರ್ ಕೊಠಡಿಗೆ ದಾನಿಗಳು ಸಿಗುತ್ತಾರೆ. ಹಾರ್ಮೋನಿಯಂ ಬಿಡಿ, ಒಂದು ಜೊತೆ ದಫ್ಫಿಗೂ ಆಡಳಿತ ಮಂಡಳಿಯ ಸಭೆಯಲ್ಲಿ ಅರ್ಧ ಗಂಟೆ ಚರ್ಚೆಯಾಗುತ್ತದೆ.

2025ರ ಜನವರಿಯ ತಿರುವನಂತಪುರದ ಮೇಳದಲ್ಲಿ ವೇದಿಕೆಗಳಿಗೆ ನದಿಗಳ ಹೆಸರಿಟ್ಟಿದ್ದರು. ಹಿಂದಿನ ಜುಲೈಯಲ್ಲಿ ವಯನಾಡಿನ ಭೂಕುಸಿತದಲ್ಲಿ ಶಾಲೆಯನ್ನೇ ಕಳೆದುಕೊಂಡ ವೆಳ್ಳಾರ್‌ಮಲೆಯ ಮಕ್ಕಳು ಉದ್ಘಾಟನೆಯಲ್ಲಿ ನರ್ತಿಸಿದರು. ಆ ವರ್ಷ ಮೊದಲ ಬಾರಿಗೆ ಐದು ಆದಿವಾಸಿ ಕಲೆಗಳು ಸ್ಪರ್ಧೆಗೆ ಬಂದವು: ಇರುಳ ನೃತ್ಯ, ಪಣಿಯ ನೃತ್ಯ, ಪಳಿಯ ನೃತ್ಯ, ಮಲಪುಲಯ ಆಟ್ಟಂ ಮತ್ತು ಮಂಗಲಂಕಳಿ. ಇದರಲ್ಲಿ ಮಂಗಲಂಕಳಿ ಕಾಸರಗೋಡಿನ ಮಾವಿಲ, ಮಲವೇಟ್ಟುವ ಜನರದು, ಒಪ್ಪನದಂತೆಯೇ ಮದುವೆಮನೆಯದು, ತುಡಿಯ ಬಡಿತಕ್ಕೆ ಸುತ್ತುತ್ತ ಹಾಡುವಂಥದ್ದು. ಮಾವಿಲರ ಆಡುಮಾತು ತುಳುವಿನದೇ ಒಂದು ಬಗೆ, ಹಾಡುಗಳಲ್ಲೂ ಆ ತುಳುವಿದೆ. ಆ ಹಾಡುಗಳನ್ನು ಹಿರಿಯರು ಶಾಲೆಗಳಿಗೆ ಬಂದು ಕಲಿಸಿದರು. ಮಾವಿಲರಲ್ಲದ ಮಕ್ಕಳೂ, ತುಳುವನ್ನು ಕಿವಿಯಿಂದಲೂ ಕೇಳಿರದ ಮಕ್ಕಳೂ, ಅವನ್ನು ಬಾಯಿಪಾಠ ಮಾಡಿ ರಾಜಧಾನಿಯ ವೇದಿಕೆಯಲ್ಲಿ ಸುತ್ತುಗಟ್ಟಿ ಕುಣಿದರು. ಕೆಳಗೆ ತೀರ್ಪುಗಾರರು ಗಡಿಯಾರ ನೋಡುತ್ತ ಅಂಕ ಬರೆದುಕೊಳ್ಳುತ್ತಿದ್ದರು.